ಒಂದೇ ಕಚೇರಿ, ಎರಡು ನ್ಯಾಯ

ಅಂಗಡಿಯಲ್ಲಿ ಸಣ್ಣ ಕಳವು. ಸಿಕ್ಕಿಬಿದ್ದದ್ದು ಮೊದಲ ಸಲ. ಅಮೆರಿಕದ ಕೌಂಟಿಯೊಂದರ ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿಯಲ್ಲಿ ಈ ಕಡತ ಒಬ್ಬ ಅಭಿಯೋಜಕರ ಮೇಜಿಗೆ ಬಂದರೆ ಸಮುದಾಯ ಸೇವೆಯೊಂದಿಗೆ ಮುಗಿಯಬಹುದು. ಪಕ್ಕದ ಮೇಜಿಗೆ ಹೋದರೆ ಕಳವಿನ ಆರೋಪವೇ ದಾಖಲಾಗಬಹುದು. ಅಮೆರಿಕದ ಪೌರರಿಗೆ ಈ ವ್ಯತ್ಯಾಸ ಹೆಚ್ಚಾಗಿ ದಂಡದ ಲೆಕ್ಕ. ವೀಸಾ ಅಥವಾ ಗ್ರೀನ್ ಕಾರ್ಡ್ ನೆಚ್ಚಿಕೊಂಡವರಿಗೆ ಅದು ಗಡೀಪಾರಿನ ದಾರಿಯೂ ಆಗಬಹುದು. ವಲಸೆ ಕಾನೂನು ಕಳವನ್ನು ಸಾಮಾನ್ಯವಾಗಿ ನೈತಿಕ ಅಧಃಪತನದ ಅಪರಾಧವೆಂದೇ ಎಣಿಸುತ್ತದೆ.

ಕ್ಯಾಲಿಫೋರ್ನಿಯಾ ಇದಕ್ಕೊಂದು ಮದ್ದು ಹುಡುಕಿದೆ. ಅಲ್ಲಿನ 2022ರ ಕಾಯಿದೆಯಂತೆ, ಕೆಲವು ಬಗೆಯ ಪ್ರಕರಣಗಳನ್ನು ಬಿಟ್ಟು, 2025ರ ಜನವರಿಯಿಂದ ಅಭಿಯೋಜಕರು ಮೊದಲ ಪರಿಶೀಲನೆಯಲ್ಲಿ ಜನಾಂಗ ಸೂಚಿಸುವ ವಿವರಗಳನ್ನು ಅಳಿಸಿದ ಪೊಲೀಸ್ ವರದಿಯನ್ನೇ ಓದಬೇಕು. ಪೂರ್ಣ ಕಡತ ನೋಡಿದ ಬಳಿಕ ತೀರ್ಮಾನ ಬದಲಾದರೆ ಕಾರಣ ದಾಖಲಿಸಬೇಕು. ಸ್ವಾಗತಾರ್ಹ. ಆದರೆ ಹೆಸರು ಮರೆಯಾದ ಮಾತ್ರಕ್ಕೆ ಕಟುವಾದವರೂ ಸೌಮ್ಯರೂ ಒಂದೇ ತಕ್ಕಡಿ ಹಿಡಿಯುವುದಿಲ್ಲ. ಮೇಲಾಗಿ ಬಹುಪಾಲು ಶಿಕ್ಷೆಗಳು ನಿರ್ಧಾರವಾಗುವುದು ತಪ್ಪೊಪ್ಪಿಗೆಯ ಚೌಕಾಸಿಯಲ್ಲಿ. ಅಲ್ಲಿ ಹೆಸರೂ ಮುಖವೂ ಮರಳಿ ಬರುತ್ತವೆ. ಆ ಹಂತದಲ್ಲಿ ವಲಸೆಯ ಪರಿಣಾಮವನ್ನು ಗಮನಿಸಬೇಕೆಂದು ಅದೇ ರಾಜ್ಯದ ಕಾನೂನು 2016ರಿಂದ ಹೇಳುತ್ತಿದೆ. ಎಷ್ಟು ಗಮನಿಸಬೇಕೆಂಬುದು ಮಾತ್ರ ಮತ್ತೆ ಮೇಜಿನವರ ಮರ್ಜಿ.

ವಿವೇಚನೆಯೇ ಬೇಡವೆನ್ನುವವರಲ್ಲ ನಾವು. ಕಡ್ಡಾಯ ಕನಿಷ್ಠ ಶಿಕ್ಷೆಗಳು ಸೆರೆಮನೆಗಳನ್ನು ತುಂಬಿಸಿದ್ದನ್ನು ಈ ದೇಶ ಕಂಡಿದೆ. ಚೌಕಾಸಿಗೂ ಲಿಖಿತ ಮಾರ್ಗಸೂಚಿ ಇರಲಿ, ಅದನ್ನು ಮೀರಿದಾಗ ಕಾರಣ ಕಡತದಲ್ಲಿರಲಿ, ವರ್ಷಕ್ಕೊಮ್ಮೆ ಅಂಕಿಅಂಶ ಹೊರಬರಲಿ. ಡಿಸ್ಟ್ರಿಕ್ಟ್ ಅಟಾರ್ನಿಯದು ಬಹುತೇಕ ರಾಜ್ಯಗಳಲ್ಲಿ ಚುನಾಯಿತ ಹುದ್ದೆ. ಅಧ್ಯಕ್ಷೀಯ ಚುನಾವಣೆಯ ರಾತ್ರಿ ನಿದ್ದೆಗೆಡುವ, ಮತದ ಹಕ್ಕುಳ್ಳ ನಮ್ಮ ಓದುಗರು ಮತಪತ್ರದ ಕೆಳತುದಿಯ ಆ ಅಭ್ಯರ್ಥಿಗಳಿಗೆ ಇದನ್ನು ಕೇಳಿದ್ದಾರೆಯೆ?