ಸಣ್ಣ ಚಿತ್ರದ ನಟನೂ ಅವನ ಅನ್ನವೂ

ಅಭಿನಯವನ್ನೇ ವೃತ್ತಿಯಾಗಿ ಕೈಕೊಳ್ಳಬಯಸುವ ತರುಣರಿಗೆ ನಮ್ಮಲ್ಲಿ ಎರಡು ಬಗೆಯ ಉಪದೇಶಗಳು ಧಾರಾಳವಾಗಿ ದೊರೆಯುತ್ತವೆ. ಸಣ್ಣ ಬಂಡವಾಳದ ಚಿತ್ರಗಳಲ್ಲಿ ಕಲೆಯಿದೆ ಎಂಬುದೊಂದು. ದೊಡ್ಡ ಸಂಸ್ಥೆಗಳ ಚಿತ್ರಗಳಲ್ಲಿ ಅನ್ನವಿದೆ ಎಂಬುದು ಇನ್ನೊಂದು. ಕಲೆಯಿರುವಲ್ಲಿಯೇ ಅನ್ನವೇಕೆ ಇರಬಾರದೆಂದು ಕೇಳುವವರು ಮಾತ್ರ ವಿರಳ.

ಅತ್ಯುತ್ತಮ ನಟನಿಗೆ ಸಲ್ಲುವ ರಾಷ್ಟ್ರಪ್ರಶಸ್ತಿಯು 2024ರ ವರೆಗೆ ಕನ್ನಡ ಚಿತ್ರಗಳ ಪಾಲಿಗೆ ಬಂದುದು ನಾಲ್ಕೇ ಸಲ. 'ಚೋಮನ ದುಡಿ'ಯ ಎಂ. ವಿ. ವಾಸುದೇವರಾಯರು, 'ತಬರನ ಕಥೆ'ಯ ಚಾರುಹಾಸನ್, 'ನಾನು ಅವನಲ್ಲ ಅವಳು' ಚಿತ್ರದ ಸಂಚಾರಿ ವಿಜಯ್, ಕೊನೆಗೆ 'ಕಾಂತಾರ'ದ ರಿಷಬ್ ಶೆಟ್ಟಿ. ಮೊದಲ ಮೂರೂ ಸಣ್ಣ ಬಂಡವಾಳದ ಚಿತ್ರಗಳು. ಕಡೆಯದು ಮಾತ್ರ 'ಕೆ.ಜಿ.ಎಫ್.' ತಯಾರಿಸಿದ ಸಂಸ್ಥೆಯದು. ಕೀರ್ತಿಯ ಲೆಕ್ಕದಲ್ಲಿ ಸಣ್ಣ ಚಿತ್ರವೇ ಮುಂದು. ಆದರೆ ಚಾರುಹಾಸನರಿಗೆ ವಕೀಲಿ ವೃತ್ತಿಯಿತ್ತೆಂಬುದನ್ನು ಮರೆಯಲಾಗದು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪುರಸ್ಕೃತವಾದ 'ತಿಥಿ'ಯಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರು. ಚಿತ್ರ ಮುಗಿದ ಮೇಲೆ ಅವರಿಗೆ ಹಿಂದಿರುಗಲು ತಮ್ಮ ಊರಿನ ಬದುಕಿತ್ತು. ನಟನೆಯೊಂದರಿಂದಲೇ ಹೊಟ್ಟೆ ಹೊರೆಯಬೇಕಾದವನು ಎಲ್ಲಿಗೆ ಹಿಂದಿರುಗಬೇಕು?

'ಕೆ.ಜಿ.ಎಫ್.' ಚಿತ್ರದ ಎರಡು ಭಾಗಗಳು 2018ರಲ್ಲಿ ಮತ್ತು 2022ರಲ್ಲಿ ತೆರೆಕಂಡವು. ನಡುವೆ ಅದರ ನಾಯಕನಟನ ಬೇರೊಂದು ಚಿತ್ರ ಬರಲಿಲ್ಲ. ಇಷ್ಟು ಕಾಯುವ ತಾಳ್ಮೆಯು ಬೆನ್ನ ಹಿಂದೆ ಬಂಡವಾಳವಿದ್ದವರಿಗೆ ಸಾಧ್ಯ. ಸಣ್ಣ ಚಿತ್ರದ ನಟನಾದರೋ ರಂಗಭೂಮಿಗೂ ಧಾರಾವಾಹಿಗಳಿಗೂ ಓಡುತ್ತ, ಉಳಿದ ಕಸುವನ್ನು ಪಾತ್ರಕ್ಕೆ ಕೊಡಬೇಕಾಗುತ್ತದೆ.

ವಿಜಯ್ ಅವರು 2021ರ ಜೂನ್ ತಿಂಗಳಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಬೆಂಗಳೂರಿನ ರಸ್ತೆ ಅಪಘಾತಕ್ಕೆ ಬಲಿಯಾದರು. ಕುಟುಂಬದವರು ಅವರ ಅಂಗಾಂಗಗಳನ್ನು ದಾನಮಾಡಿದರು; ಸರಕಾರವು ಸಕಲ ಗೌರವಗಳೊಡನೆ ಅಂತ್ಯಕ್ರಿಯೆ ನಡೆಸಿತು. ಅದು ಉಚಿತವೇ. ಆದರೆ ಅವರು ಪಡೆದ ಪ್ರಶಸ್ತಿಯೊಡನೆ ಆಗ ಸಲ್ಲುತ್ತಿದ್ದ ಹಣ 50,000 ರೂಪಾಯಿ. ಅದರಿಂದ ಬೆಂಗಳೂರಿನಲ್ಲಿ ಒಂದು ಸಂಸಾರ ಎಷ್ಟು ತಿಂಗಳು ನಡೆದೀತೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ಗುಣಮಟ್ಟದ ಚಿತ್ರಗಳಿಗೆ ನಮ್ಮ ಸರಕಾರವು ಸಹಾಯಧನ ಕೊಡುತ್ತಿದೆ. ಅದು ಸೇರುವುದು ನಿರ್ಮಾಪಕನ ಕೈಯನ್ನು. ನಿರ್ಮಾಪಕರೆಲ್ಲ ವಂಚಕರೆಂದು ನಾವು ಹೇಳುವುದಿಲ್ಲ. ಅವರಲ್ಲಿ ಅನೇಕರು ಮನೆಯ ಒಡವೆಯನ್ನು ಒತ್ತೆಯಿಟ್ಟವರು. ಚಿತ್ರಮಂದಿರದವರು ಯಾವುದೋ ಹೊತ್ತಲ್ಲದ ಹೊತ್ತಿನ ಆಟವನ್ನು ಕೊಟ್ಟು, ವಾರ ತುಂಬುವ ಮುನ್ನವೇ ಚಿತ್ರವನ್ನು ಕಿತ್ತುಹಾಕುವ ಸಂಕಟವನ್ನು ಅವರೂ ಉಣ್ಣುತ್ತಾರೆ. ಹಾಗಿದ್ದರೂ, ವೇತನ ಸ್ವಲ್ಪವಾದರೆ ಸ್ವಲ್ಪವೇ ಆಗಲಿ, ಅದು ಬರಹದಲ್ಲಿರಬಾರದೇಕೆ? ಸೇತುವೆ ಕಟ್ಟಿಸುವಾಗ ಕಂತ್ರಾಟುದಾರನಿಂದ ಕೂಲಿಯ ಪಟ್ಟಿಯನ್ನು ಕೇಳುವುದು ಅಧಿಕಾರಿಗಳಿಗೆ ಹೊಸದಲ್ಲ. ನಟನಟಿಯರಿಗೂ ತಂತ್ರಜ್ಞರಿಗೂ ಒಪ್ಪಿದ ಹಣ ಸಂದಾಯವಾಗಿದೆಯೆಂಬ ಸಹಿಯ ರಸೀತಿಗಳನ್ನು ನೋಡಿದ ಹೊರತು ಸಹಾಯಧನದ ಕೊನೆಯ ಕಂತು ಬಿಡುಗಡೆಯಾಗಕೂಡದು. ಮುಂದಿನ ಅರ್ಜಿಗಳನ್ನು ಕರೆಯುವ ಮುನ್ನ ಇಲಾಖೆಯು ಇದನ್ನು ಪರಿಶೀಲಿಸಬೇಕೆಂದು ಸೂಚಿಸುತ್ತೇವೆ.