ಆನೆಯ ಬೆಲೆಯೂ ಆನೆಯ ಮೇವೂ

ಕಳೆದ ಕುಂಭ ಮಾಸದ ಒಂದು ಭಾನುವಾರ ಅಪರಾಹ್ಣ ನಮ್ಮ ಮನೆಯ ಅಂಗಳದಂಚಿಗೆ ಕಪ್ಪು ಬಣ್ಣದ ಭಾರಿ ಕಾರೊಂದು ಸದ್ದಿಲ್ಲದೆ ಬಂದು ನಿಂತಿತು. ಇಳಿದವನು ನಮ್ಮ ಹಳೆಯ ವಿದ್ಯಾರ್ಥಿ. ಹಿಂದಿನ ಆಸನದಲ್ಲಿ ಅವನ ವೃದ್ಧ ತಾಯಿ. ಮುಂದೆ ಕುಳಿತವನು ಮಂಗಳೂರಿನ ದಲ್ಲಾಳಿ. ಪರೀಕ್ಷೆಗೆಂದು ವಾಹನವನ್ನು ಗಡಿ ದಾಟಿಸಿ ತಂದಿದ್ದ. ಕಾರು ಜರ್ಮನಿಯ ಹೆಸರಾಂತ ಸಂಸ್ಥೆಯೊಂದರದು; 2013ರ ಮಾದರಿ, ಡೀಸೆಲ್ ಯಂತ್ರ, ಓಡಿದ ದೂರ 1,38,000 ಕಿ.ಮೀ. ಹೊಸತರಲ್ಲಿ 40 ಲಕ್ಷಕ್ಕೂ ಮಿಕ್ಕಿದ್ದ ಅದರ ಈಗಿನ ಬೆಲೆ 11 ಲಕ್ಷ.

“ಮಾಷ್ಟ್ರೇ, ಒಮ್ಮೆ ಕೂತು ನೋಡಿ,” ಎಂದ. ಕುಳಿತೆವು. ಸುಳ್ಳು ಹೇಳಲಾರೆವು, ಅಂತಹ ಆಸನದಲ್ಲಿ ನಾವು ಈ ಹಿಂದೆ ಕುಳಿತವರಲ್ಲ. ಬಾಗಿಲು ಮುಚ್ಚಿದೊಡನೆ ತೋಟದ ಜೀರುಂಡೆಯ ಸದ್ದೂ ನಿಂತುಹೋಯಿತು.

ಅವನು ಕೊಲ್ಲಿ ರಾಷ್ಟ್ರದಲ್ಲಿ 14 ವರ್ಷ ದುಡಿದವನು. ಅಲ್ಲಿ ಅವನ ಕೆಲಸ ಇಂತಹುದೇ ಕಾರಿನ ಸಾರಥ್ಯ. ಧಣಿಯ ಕುಟುಂಬವನ್ನು ಹಿಂದೆ ಕುಳ್ಳಿರಿಸಿಕೊಂಡು ಓಡಾಡಿದ ದಿನಗಳಲ್ಲಿ, ಎಂದಾದರೊಂದು ದಿನ ತನ್ನ ತಾಯಿಯನ್ನು ಅದೇ ಜಾಗದಲ್ಲಿ ಕುಳ್ಳಿರಿಸಿ ಕೊಲ್ಲೂರಿಗೆ ಕರೆದೊಯ್ಯಬೇಕೆಂಬ ಹರಕೆಯಂತಹ ಆಸೆಯೊಂದು ಅವನಲ್ಲಿ ಬೇರೂರಿತ್ತು. ಮನೆ ಕಟ್ಟಿಸಿ ಉಳಿದ ಹಣ 13 ಲಕ್ಷ. ಬದಿಯಡ್ಕದಲ್ಲಿ ಒಂದು ಅಂಗಡಿ ತೆರೆಯುವ ಯೋಚನೆಯೂ ಆ ಹಣವನ್ನೇ ನಂಬಿಕೊಂಡಿತ್ತು.

“ಈ ಕಾರಿನ ನರನಾಡಿ ನನಗೆ ಗೊತ್ತು ಮಾಷ್ಟ್ರೇ,” ಎಂದ.

“ಅಲ್ಲಿ ರಿಪೇರಿಯ ಬಿಲ್ಲನ್ನು ಯಾರು ಕೊಡುತ್ತಿದ್ದರು?” ಎಂದು ಕೇಳಿದೆವು.

ಅವನು ಉತ್ತರಿಸಲಿಲ್ಲ. ಈ ತಿಂಗಳ ನಮ್ಮ ಅಂಕಣವು ಆ ಮೌನದಿಂದ ಹುಟ್ಟಿದುದು.

ಇತ್ತೀಚೆಗೆ ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಇದೇ ಮಾತು ನಡೆಯುತ್ತಿದೆ. ಸಣ್ಣದೊಂದು ಹೊಸ ಕಾರಿನ ಬೆಲೆಗೆ ದೊಡ್ಡದೊಂದು ಹಳೆಯ ಕಾರು ದೊರೆಯುತ್ತದೆ, ಯಾವುದನ್ನು ಕೊಳ್ಳಬೇಕು? ಮೇಲ್ನೋಟಕ್ಕೆ ಇದು ಲಾಭವೇ ಸರಿ. ಆದರೆ ಬೆಲೆ ಇಳಿದುದು ಕಾರಿಗೆ ಮಾತ್ರ. ಅದರ ಬಿಡಿಭಾಗಗಳಿಗೆ ಇಳಿದಿಲ್ಲ. ನಲವತ್ತು ಲಕ್ಷದ ಕಾರು ಹನ್ನೊಂದು ಲಕ್ಷಕ್ಕೆ ಬಂದಿರಬಹುದು. ಅದರ ಟಯರು, ಬ್ರೇಕು, ತೂಗುವ್ಯವಸ್ಥೆಯ ತೋಳುಗಳೆಲ್ಲವೂ ಇಂದಿಗೂ ನಲವತ್ತು ಲಕ್ಷದ ಕಾರಿನವೇ. ಮೊದಲ ಯಜಮಾನನು ಅದನ್ನು ಮಾರಿದುದು ಈ ಗುಟ್ಟನ್ನು ಬಲ್ಲವನಾದುದರಿಂದಲೇ ಇರಬಹುದು. ವಾರಂಟಿಯ ಅವಧಿ ಮುಗಿದು ಮೊದಲ ದೊಡ್ಡ ಬಿಲ್ಲು ಕೈಸೇರುವ ಹೊತ್ತಿನಲ್ಲಿಯೇ ಇಂತಹ ಕಾರುಗಳ ಬೆಲೆ ಥಟ್ಟನೆ ಕುಸಿಯುವುದು ಆಕಸ್ಮಿಕವಲ್ಲ.

ಇನ್ನು ಓಡಿದ ದೂರದ ವಿಚಾರ. ಲಕ್ಷ ಕಿಲೋಮೀಟರು ಎಂದೊಡನೆ ಹೌಹಾರಬೇಕಾಗಿಲ್ಲ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ, ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿಕೊಂಡ ಒಂದೂವರೆ ಲಕ್ಷ ಕಿಲೋಮೀಟರಿನ ಕಾರು, ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿದ್ದ ನಲವತ್ತು ಸಾವಿರದ ಕಾರಿಗಿಂತ ಎಷ್ಟೋ ಮಿಗಿಲು. ನಿಂತ ಕಾರಿನ ರಬ್ಬರು ಒಣಗಿ ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ, ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದ ಇಲಿಗಳು ವಯರುಗಳನ್ನು ಕತ್ತರಿಸುವುದಂತೂ ಇದ್ದದ್ದೇ. ಹೊಗೆಯ ಮಸಿಯನ್ನು ಹಿಡಿದಿಡುವ ಸೋಸಣಿಗೆಯುಳ್ಳ ಡೀಸೆಲ್ ಕಾರನ್ನು ದಿನವೂ ಮನೆಯಿಂದ ಪೇಟೆಗೆ ನಾಲ್ಕು ಕಿ.ಮೀ. ಮಾತ್ರ ಓಡಿಸಿದರೆ, ಆ ಸೋಸಣಿಗೆ ಬಿಸಿಯೇರಿ ಮಸಿಯನ್ನು ಸುಟ್ಟುಕೊಳ್ಳಲು ಅವಕಾಶವೇ ಇಲ್ಲದೆ ಕಟ್ಟಿಕೊಳ್ಳುತ್ತದೆ. ಆದುದರಿಂದ ಎಷ್ಟು ಓಡಿದೆ ಎಂಬುದಕ್ಕಿಂತ ಹೇಗೆ ಓಡಿದೆ, ಅದಕ್ಕೆ ಲಿಖಿತ ಸಾಕ್ಷ್ಯವೇನು ಎಂಬುದೇ ಮುಖ್ಯ. ಮುಳ್ಳು ತಿರುಗಿಸುವ ಕಳ್ಳವಿದ್ಯೆ ಈ ವ್ಯಾಪಾರದಲ್ಲಿ ಇನ್ನೂ ಸತ್ತಿಲ್ಲ. ಚಾಸಿಯ 17 ಅಕ್ಷರಾಂಕಿಗಳ ಸಂಖ್ಯೆಯನ್ನು ಕೊಟ್ಟು, ಸಂಸ್ಥೆಯ ಅಧಿಕೃತ ಕಾರ್ಯಾಗಾರದಲ್ಲಿರುವ ಸೇವಾ ದಾಖಲೆಯನ್ನು ಮಾಲಿಕನ ಮೂಲಕವೇ ತರಿಸಿ ನೋಡಬೇಕು. 2019ರಲ್ಲಿ 1,20,000 ಎಂದು ಬರೆದಿದ್ದು ಈಗ 90,000 ಎಂದು ತೋರಿಸಿದರೆ ಮುಂದಿನ ಮಾತು ಅನಾವಶ್ಯಕ.

ಇಂತಹ ಕಾರುಗಳು ಕೆಡುವುದೇ ಹೆಚ್ಚೋ? ಅವುಗಳ ಕಬ್ಬಿಣ ದುರ್ಬಲವಲ್ಲ. ಆದರೆ ಕೆಡಬಹುದಾದ ಭಾಗಗಳ ಸಂಖ್ಯೆ ದೊಡ್ಡದು. ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲದ ಮೇಲೆ ತೇಲುವ ಕಾರುಗಳಿವೆ. ಆ ರಬ್ಬರು ವಯಸ್ಸಿನಿಂದ ಬಿರಿದರೆ ಗಾಳಿ ಸೋರುತ್ತದೆ; ಸೋರಿದ ಗಾಳಿಯನ್ನು ತುಂಬಲು ಪಂಪು ಎಡೆಬಿಡದೆ ದುಡಿದು ತಾನೂ ಸುಟ್ಟುಹೋಗುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆಗೆ ಕುಸಿದಿದ್ದರೆ ಅದು ಚಿಕ್ಕ ರೋಗವಲ್ಲ. ಇನ್ನೊಂದು ಉದಾಹರಣೆ: ಬಿ.ಎಂ.ಡಬ್ಲ್ಯು. ಸಂಸ್ಥೆ 2007ರಲ್ಲಿ ತಂದ ಎನ್.47 ಎಂಬ ಡೀಸೆಲ್ ಯಂತ್ರದಲ್ಲಿ ಟೈಮಿಂಗ್ ಸರಪಳಿಯನ್ನು ಯಂತ್ರದ ಹಿಂಬದಿಯಲ್ಲಿ, ಗೇರುಪೆಟ್ಟಿಗೆಯ ಕಡೆಗೆ ಇರಿಸಲಾಗಿತ್ತು. ಸರಪಳಿ ಸವೆದರೆ ಬದಲಿಸಲು ಯಂತ್ರವನ್ನೋ ಗೇರುಪೆಟ್ಟಿಗೆಯನ್ನೋ ಕಳಚಲೇಬೇಕು. ಭಾಗದ ಬೆಲೆಗಿಂತ ಕೂಲಿಯೇ ಹೆಚ್ಚಾಗುವುದು ಹೀಗೆ. ಮೆರ್ಸಿಡಿಸ್‌ನವರು 2002ರ ಇ-ಶ್ರೇಣಿಯಲ್ಲಿ ತಂದ ವಿದ್ಯುನ್ಮಾನ ಬ್ರೇಕಿನ ವ್ಯವಸ್ಥೆಗಾಗಿ 2004 ಮತ್ತು 2005ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಮರಳಿ ಕರೆಸಬೇಕಾಯಿತು; 2006ರಲ್ಲಿ ಆ ಶ್ರೇಣಿಗೆ ಹಳೆಯ ಮಾದರಿಯ ಬ್ರೇಕನ್ನೇ ಮತ್ತೆ ಜೋಡಿಸಿದರು.

ಗೇರುಪೆಟ್ಟಿಗೆಯ ಎಣ್ಣೆಯ ಕಥೆ ನಮಗೆ ಬಹಳ ಬೋಧಪ್ರದವಾಗಿ ತೋರಿತು. ಕೆಲವು ಕಾರುಗಳಲ್ಲಿ ಸ್ವಯಂಚಾಲಿತ ಗೇರುಪೆಟ್ಟಿಗೆಯ ಎಣ್ಣೆ “ಆಜೀವ ಪರ್ಯಂತ” ಸಾಕು ಎನ್ನುತ್ತಾರೆ. ಆದರೆ ಆ ಪೆಟ್ಟಿಗೆಯನ್ನು ತಯಾರಿಸುವ ಜರ್ಮನಿಯ ಝಡ್.ಎಫ್. ಸಂಸ್ಥೆಯೇ 80,000ದಿಂದ 1,20,000 ಕಿ.ಮೀ.ಗಳೊಳಗೆ, ಇಲ್ಲವೇ 8 ವರ್ಷಗಳಿಗೊಮ್ಮೆ ಬದಲಿಸುವಂತೆ ಸಲಹೆ ಕೊಡುತ್ತದೆ. ಯಾರ ಆಜೀವ, ಕಾರಿನದೋ ಮೊದಲ ಯಜಮಾನನ ವಾರಂಟಿಯದೋ ಎಂಬುದನ್ನು ಕೊಳ್ಳುವ ಎರಡನೆಯವನೇ ವಿಚಾರಿಸಬೇಕು.

ಜಪಾನೀ ಕಾರುಗಳು ಈ ವಿಷಯದಲ್ಲಿ ಸೌಮ್ಯ ಎಂಬ ಮಾತಿನಲ್ಲಿ ಹುರುಳಿದೆ. ನಮ್ಮ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಕ್ಯಾಮ್ರಿಗೆ ದೀರ್ಘಾಯುಷಿ ಎಂಬ ಹೆಸರಿದೆ. ಆದರೆ 2013ರಿಂದ ಅಲ್ಲಿಯೇ ಜೋಡಿಸಿದ ಹೈಬ್ರಿಡ್ ಮಾದರಿಯನ್ನು ಕೊಳ್ಳುವವರು ದೊಡ್ಡ ಬ್ಯಾಟರಿಯ ವಾರಂಟಿ ಮುಗಿದಿದೆಯೇ, ಬದಲಿಗೆ ಎಷ್ಟಾದೀತು ಎಂದು ಮೊದಲೇ ಕೇಳಿಕೊಳ್ಳಬೇಕು.

ನಮ್ಮ ವಿದ್ಯಾರ್ಥಿಯ ಕಡೆಗೆ ಮರಳೋಣ. ದಲ್ಲಾಳಿಗೆ ಸಂಬಂಧವಿಲ್ಲದ ಕಾರ್ಯಾಗಾರವೊಂದಕ್ಕೆ ಕಾರನ್ನು ಒಯ್ದು, 4,500 ರೂಪಾಯಿ ಕೊಟ್ಟು ತಪಾಸಣೆ ಮಾಡಿಸುವಂತೆ ಅವನಿಗೆ ತಿಳಿಸಿದೆವು. ಮರುವಾರ ಅವನು ತಂದ ಕಾಗದವನ್ನು ನಮ್ಮ ಜಗಲಿಯಲ್ಲಿ ಹರಡಿದ. ನಾಲ್ಕು ಟಯರು 64,000; ಮುಂಭಾಗದ ತೋಳುಗಳೂ ರಬ್ಬರ್ ಬುಷ್‌ಗಳೂ 85,000; ಗೇರುಪೆಟ್ಟಿಗೆಯ ಎಣ್ಣೆ, ಸೋಸಣಿಗೆ 32,000; ಬ್ರೇಕಿನ ತಟ್ಟೆ, ಪ್ಯಾಡುಗಳು 58,000; ಬ್ಯಾಟರಿ 22,000; ಯಂತ್ರದ ಆಧಾರದ ರಬ್ಬರು ಮತ್ತು ಎಣ್ಣೆ ಸೋರುವ ಸೀಲುಗಳು 49,000. ಕೂಡಿಸು ಎಂದೆವು, ಐದನೆಯ ತರಗತಿಯಲ್ಲಿ ಹೇಳಿದಂತೆಯೇ. 3,10,000. ಇವು ಯಾವುವೂ ಅಪಘಾತವಲ್ಲ, ದುರದೃಷ್ಟವೂ ಅಲ್ಲ. ಆ ವಯಸ್ಸಿನ ಕಾರಿಗೆ ಸಹಜವಾದ ಸವೆತ. ದಲ್ಲಾಳಿ ಒಂದು ಲಕ್ಷ ಇಳಿಸಲು ಸಿದ್ಧನಾದ. ಆಗಲೂ ಒಟ್ಟು 13,10,000. ಕೈಯಲ್ಲಿದ್ದುದು 13 ಲಕ್ಷ. ಗಡಿಯ ಖರ್ಚು ಇನ್ನೂ ಲೆಕ್ಕಕ್ಕೆ ಬಂದೇ ಇರಲಿಲ್ಲ.

ಗಡಿನಾಡಿಗರಾದ ನಮಗೆ ಈ ಖರ್ಚು ಇತರರಿಗಿಲ್ಲದ ಹೊರೆ. ಮಂಗಳೂರು ನಮಗೆ ಆಸ್ಪತ್ರೆ, ಕಾಲೇಜು, ಬಟ್ಟೆಯಂಗಡಿ ಎಲ್ಲವೂ ಹೌದು. ಆದರೆ ವಾಹನದ ಕಾಗದಪತ್ರಕ್ಕೆ ಅದು ಬೇರೆ ರಾಜ್ಯ. 1988ರ ಮೋಟಾರು ವಾಹನ ಕಾಯಿದೆಯ 47ನೆಯ ವಿಧಿಯಂತೆ ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗೂ ಮಿಕ್ಕಿ ಇರಿಸಿಕೊಂಡರೆ ಹೊಸ ಸಂಖ್ಯೆ ಪಡೆಯಲೇಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ 28ನೆಯ ನಮೂನೆ, ಬೇಕು. ಸಾಲದ ಅಡವು ಇದ್ದಿದ್ದರೆ ತೀರಿದುದಕ್ಕೆ 35ನೆಯ ನಮೂನೆ ಬೇಕು. ಬಳಿಕ ಕೇರಳದ ತೆರಿಗೆ. ಇದನ್ನು ನೀವು ಕೊಟ್ಟ 11 ಲಕ್ಷದ ಮೇಲೆ ಎಣಿಸುವುದಿಲ್ಲ. ಕಾರು ಹೊಸತಾಗಿದ್ದಾಗಿನ ಮೂಲ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು ಎಣಿಸುತ್ತಾರೆ. ದೊಡ್ಡ ಕಾರಿನ ದೊಡ್ಡಸ್ತಿಕೆ ಇಲ್ಲಿಯೂ ಬೆನ್ನು ಬಿಡುವುದಿಲ್ಲ. ಕರ್ನಾಟಕದಲ್ಲಿ ಮೊದಲೇ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ಮರಳಿ ಕೇಳಬಹುದಾದರೂ ಅದಕ್ಕೆ ಓಡಾಟವೂ ತಾಳ್ಮೆಯೂ ಬೇಕು. ನೋಂದಣಿಯ 15 ವರ್ಷ ತುಂಬಿದರೆ ಮುಂದೆ ಐದೈದು ವರ್ಷಕ್ಕೊಮ್ಮೆ ನವೀಕರಣವೂ ಇದೆ.

ವಿಮೆಯಲ್ಲಿಯೂ ಹಾಗೆಯೇ. 2022ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ದರದಂತೆ 1000 ಸಿ.ಸಿ.ಯೊಳಗಿನ ಕಾರಿನ ಮೂರನೆಯವರ ವಿಮೆಗೆ ವರ್ಷಕ್ಕೆ 2,094 ರೂಪಾಯಿಯಾದರೆ, 1500 ಸಿ.ಸಿ. ಮೀರಿದ ಕಾರಿಗೆ 7,897 ರೂಪಾಯಿ. ಕಾರು ಮುದಿಯಾಯಿತೆಂದು ಇದು ಇಳಿಯದು. ಅಪಘಾತವಾದಾಗ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು ಭಾಗಗಳ ಬೆಲೆಯಲ್ಲಿ ಅರ್ಧವನ್ನೂ, ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಗಳಲ್ಲಿ ಅರ್ಧವನ್ನೂ ಸವಕಳಿಯೆಂದು ಕಳೆದೇ ಕೊಡುತ್ತಾರೆ. ಒಂದು ದೀಪದ ಜೋಡಿಗೆ ಲಕ್ಷದ ಮಾತಾಡುವ ಕಾರಿನಲ್ಲಿ ಆ ಅರ್ಧವೇ ಒಂದು ಮನೆಯ ಮದುವೆಯ ಊಟದ ಖರ್ಚಾದೀತು.

ಕಾರು ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. ದೆಹಲಿಯ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹಾಕಿದ ತಡೆಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು; 2025ರಲ್ಲಿ ಅದರ ಬಿಗಿಯನ್ನು ನ್ಯಾಯಾಲಯವೇ ಕೊಂಚ ಸಡಿಲಿಸಿತು. ಈ ನಡುವೆ ಅಲ್ಲಿಂದ ಅಗ್ಗವಾಗಿ ದಕ್ಷಿಣಕ್ಕಿಳಿದ ಭಾರಿ ಕಾರುಗಳು ಬಹಳ. ಅವೆಲ್ಲ ಕೆಟ್ಟವಲ್ಲ; ಕಾಗದ ಮಾತ್ರ ನೆಟ್ಟಗಿರಬೇಕು. 2015ರ ಚೆನ್ನೈ, 2018ರ ಕೇರಳ, 2022ರ ಬೆಂಗಳೂರು ನೆರೆಗಳಲ್ಲಿ ಮುಳುಗಿದ ಕಾರುಗಳೂ ತೊಳೆದು ಒರೆಸಿಕೊಂಡು ಸಂತೆಗೆ ಬಂದಿವೆ. ನೆಲಹಾಸನ್ನು ಎತ್ತಿ ಮೂಗಿಟ್ಟು ನೋಡಿ. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆಯಿದೆಯೇ ಪರೀಕ್ಷಿಸಿ. ಆಸನದ ಅಡಿಯ ಬೋಲ್ಟಿಗೆ ತುಕ್ಕು ಹಿಡಿದಿದೆಯೇ ಗಮನಿಸಿ. ಕಳ್ಳ ಕಾಗದದ ಅಪಾಯವೂ ಕಲ್ಪನೆಯಲ್ಲ. 2025ರ ಸೆಪ್ಟೆಂಬರಿನಲ್ಲಿ ಸುಂಕ ಇಲಾಖೆಯವರು ಭೂತಾನದ ಮೂಲಕ ಅಕ್ರಮವಾಗಿ ಬಂದ ಬೆಲೆಬಾಳುವ ಹಳೆಯ ವಾಹನಗಳಿಗಾಗಿ ಕೇರಳದ ಹಲವೆಡೆ ಶೋಧ ನಡೆಸಿ, ಸಿಕ್ಕಿದವನ್ನು ವಶಪಡಿಸಿಕೊಂಡುದನ್ನು ವಾಚಕರು ಮರೆತಿರಲಾರರು.

ಹಾಗಾದರೆ ಕೊಳ್ಳಲೇಬಾರದೇ? ಹಾಗೆಂದು ನಾವು ಹೇಳಲಾರೆವು. ಸುರಕ್ಷೆ, ಸೌಖ್ಯ, ದೂರದ ಪ್ರಯಾಣದಲ್ಲಿ ಬೆನ್ನಿಗೆ ಸಿಗುವ ವಿಶ್ರಾಂತಿ ಇವೆಲ್ಲ ನಿಜವಾದ ಗುಣಗಳು. ಆದರೆ ಕಾರಿನ ಬೆಲೆಯ ಮೂರರಲ್ಲೊಂದು ಪಾಲನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿಟ್ಟು, ಅದು ಖರ್ಚಾದರೂ ಮನೆಯ ಅನ್ನ, ಔಷಧ, ಮಕ್ಕಳ ಶುಲ್ಕಕ್ಕೆ ಕುಂದಿಲ್ಲವೆನ್ನುವವನು ಮಾತ್ರ ಕೊಳ್ಳಲಿ. ಅಧಿಕೃತ ಕಾರ್ಯಾಗಾರದ ಹೊರಗೆ ಆ ಮಾದರಿಯನ್ನು ಬಲ್ಲ ಮೆಕ್ಯಾನಿಕ್ ಒಬ್ಬನನ್ನು ಕಾರಿಗಿಂತ ಮೊದಲು ಹುಡುಕಿಕೊಳ್ಳಲಿ. ತಣ್ಣಗಿರುವ ಯಂತ್ರವನ್ನು ತನ್ನ ಎದುರಿನಲ್ಲಿಯೇ ಚಾಲೂ ಮಾಡಿಸಲಿ. ಮೊದಲೇ ಬಿಸಿ ಮಾಡಿಟ್ಟ ಯಂತ್ರ ತನ್ನ ರೋಗವನ್ನು ಬಚ್ಚಿಡುತ್ತದೆ. ಎರಡು ಕಾರುಗಳಲ್ಲಿ ಒಂದಕ್ಕೆ ಬೆಲೆ ಒಂದು ಲಕ್ಷ ಹೆಚ್ಚಾಗಿ, ಆದರೆ ಮೊದಲಿನಿಂದ ಕೊನೆಯವರೆಗೆ ಬಿಲ್ಲುಗಳಿದ್ದರೆ, ಅದೇ ಅಗ್ಗ.

ನಮ್ಮ ವಿದ್ಯಾರ್ಥಿ ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದ. ಅವನ ಮುಖವನ್ನು ನೋಡಿ ನಮಗೆ ಸಂತೋಷವೇನೂ ಆಗಲಿಲ್ಲ. ಲೆಕ್ಕ ಸರಿಯಾದರೂ ಮಗುವಿನ ಕಣ್ಣು ತುಂಬಿದ ದಿನಗಳು ಶಾಲೆಯಲ್ಲಿಯೂ ಇದ್ದವು. ಬದಿಯಡ್ಕದ ಅಂಗಡಿ ವೃಷಭ ಮಾಸದಲ್ಲಿ ತೆರೆಯಿತು. ಪರಿಚಯದವರೊಬ್ಬರಿಂದ ಆರು ವರ್ಷ ಹಳೆಯ ಸಣ್ಣ ಕಾರನ್ನು ಕೊಂಡು, ನವರಾತ್ರಿಯಲ್ಲಿ ತಾಯಿಯನ್ನು ಕೊಲ್ಲೂರಿಗೆ ಕರೆದೊಯ್ದ. ಪ್ರಸಾದ ಕೊಡಲು ಬಂದಾಗ ಆ ತಾಯಿ ನಮ್ಮ ಮನೆಯವರೊಡನೆ, “ಆ ಕಪ್ಪು ಕಾರಿನಲ್ಲಿ ಕೂತರೆ ಏಳಲಿಕ್ಕೇ ಆಗುತ್ತಿರಲಿಲ್ಲ ಅಕ್ಕಾ, ಅಷ್ಟು ತಗ್ಗು, ಅವನಿಗೆ ಬೇಸರವಾದೀತೆಂದು ಹೇಳಲಿಲ್ಲ,” ಎಂದರು.

ಅವನೂ ನಕ್ಕ. ಆದರೆ ಮೊನ್ನೆ ಕುಂಬಳೆಯ ಪೇಟೆಯಲ್ಲಿ ಅಂತಹುದೇ ಕಾರೊಂದು ಹಾದುಹೋದಾಗ ಅವನು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತುದನ್ನು ನಾವು ಕಂಡೆವು. ಆಸೆ ಉಳಿದಿದೆ, ಇರಲಿ. ಅಂಗಡಿ ನಾಲ್ಕು ವರ್ಷ ಚೆನ್ನಾಗಿ ನಡೆದರೆ ಅವನೊಡನೆ ಇನ್ನೊಂದು ಕಾಗದವನ್ನು ಕೂಡಿಸಲು ನಾವು ಜಗಲಿಯಲ್ಲಿಯೇ ಇರುತ್ತೇವೆ.