ಡ್ರಾಯಿಂಗ್ ಪೀರಿಯಡ್ ಯಾರ ಪಾಲು?

ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರಕಲೆಗೆ ವಾರಕ್ಕೆ ಒಂದೋ ಎರಡೋ ಅವಧಿ ಸಿಗುತ್ತದೆ. ಗಣಿತದ ಪಾಠ ಮುಗಿಯದಿದ್ದರೆ, ವಿಜ್ಞಾನದ ಕಿರುಪರೀಕ್ಷೆ ಬಾಕಿ ಇದ್ದರೆ ಎಲ್ಲರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ಹತ್ತನೆಯ ತರಗತಿಯಲ್ಲಂತೂ ದಸರಾ ರಜೆ ಕಳೆಯುವ ಹೊತ್ತಿಗೆ ಎಷ್ಟೋ ಶಾಲೆಗಳಲ್ಲಿ ಅದು ಹೆಸರಿಗೆ ಮಾತ್ರ ಉಳಿದಿರುತ್ತದೆ. ಇದರ ಬಗ್ಗೆ ದೂರು ಹೇಳುವ ಪಾಲಕರು ಅಪರೂಪ. ‘ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?’ ಎಂದು ಕೇಳುವವರೇ ಹೆಚ್ಚು.

ದುಡಿದು ಫೀಸು ಕಟ್ಟುವ ತಂದೆ–ತಾಯಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಮುಕ್ಕಾಲು ಗಂಟೆಯಲ್ಲಿ ಮಗು ಕಲಿಯುವುದಾದರೂ ಏನನ್ನು? ಬಣ್ಣ ಬಳಿಯುವುದನ್ನೇ? ಅಥವಾ ಬೇರೆ ಯಾವ ಅವಧಿಯಲ್ಲೂ ಸಿಗದ ಇನ್ನೇನನ್ನಾದರೂ?

ಒಂದೇ ಚಂದ್ರ, ಎರಡು ಚಿತ್ರ

ಉತ್ತರಕ್ಕಾಗಿ ವಿಜ್ಞಾನದ ಚರಿತ್ರೆಯನ್ನೇ ನೋಡಬಹುದು. 1609ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿ, ಕಂಡದ್ದನ್ನು ಕಾಗದಕ್ಕಿಳಿಸಿದ. ಬೆಳಕು–ಕತ್ತಲೆಯ ಗಡಿ ಅಂಕುಡೊಂಕಾಗಿದೆ, ಅಲ್ಲಲ್ಲಿ ಕಪ್ಪು ಕಲೆಗಳಿವೆ ಎನ್ನುವುದಕ್ಕಿಂತ ಹೆಚ್ಚೇನೂ ಆ ಚಿತ್ರದಲ್ಲಿರಲಿಲ್ಲ. ಕೆಲವೇ ತಿಂಗಳ ನಂತರ ಇಟಲಿಯಲ್ಲಿ ಗೆಲಿಲಿಯೊ ಅದೇ ಚಂದ್ರನನ್ನು ನೋಡಿದ. ಗಡಿಯಾಚೆಯ ಕತ್ತಲೆಯಲ್ಲಿ ಮಿನುಗುವ ಚುಕ್ಕೆಗಳು ಬೆಟ್ಟದ ತುದಿಗೆ ಬಿದ್ದ ಬಿಸಿಲು, ಪಕ್ಕದ ಕಪ್ಪು ತಗ್ಗುಗಳಲ್ಲಿ ತುಂಬಿರುವ ನೆರಳು ಎಂದು ಗುರುತಿಸಿದ. ಚಂದ್ರ ನುಣ್ಣನೆಯ ಗೋಳವಲ್ಲ, ಅಲ್ಲಿಯೂ ಬೆಟ್ಟ–ಕಣಿವೆಗಳಿವೆ ಎಂಬ ಸುದ್ದಿ 1610ರಲ್ಲಿ ಅವನ ಪುಸ್ತಕದ ಮೂಲಕ ಹೊರಬಿತ್ತು.

ಗೆಲಿಲಿಯೊನ ದೂರದರ್ಶಕ ಹೆಚ್ಚು ಶಕ್ತಿಯದ್ದಾಗಿತ್ತು, ನಿಜ. ಆದರೆ ಅವನ ಬಳಿ ಇನ್ನೊಂದು ಸಾಧನವೂ ಇತ್ತು. ಅದು ಚಿತ್ರ ಬರೆದು ಪಳಗಿದ ಕಣ್ಣು. ಉಬ್ಬುತಗ್ಗುಗಳ ಮೇಲೆ ನೆರಳು ಹೇಗೆ ಬೀಳುತ್ತದೆಂಬುದು ಅಂದಿನ ಇಟಲಿಯ ಚಿತ್ರಕಾರರಿಗೆ ಮೊದಲ ಪಾಠವಾಗಿತ್ತು; ಗೆಲಿಲಿಯೊನಿಗೂ ಆ ಪಾಠ ಗೊತ್ತಿತ್ತು. ಸ್ವಾರಸ್ಯವೆಂದರೆ, ಗೆಲಿಲಿಯೊನ ಪುಸ್ತಕ ಪ್ರಕಟವಾದ ಮೇಲೆ ಅದೇ ವರ್ಷ ಹ್ಯಾರಿಯಟ್ ಬರೆದ ಚಂದ್ರನ ಚಿತ್ರದಲ್ಲಿ ಕುಳಿಗಳು ಕಾಣಿಸಿಕೊಂಡವು! ಕಣ್ಣಿದ್ದ ಮಾತ್ರಕ್ಕೆ ಎಲ್ಲವೂ ಕಾಣುವುದಿಲ್ಲ. ನೋಡುವುದನ್ನೂ ಕಲಿಯಬೇಕಾಗುತ್ತದೆ.

ಲೋಟದ ತಳ ಹೇಗಿದೆ?

ಪ್ರೌಢಶಾಲೆಯ ಮಗುವಿಗೆ ಮೇಜಿನ ಮೇಲೊಂದು ಸ್ಟೀಲ್ ಲೋಟವಿಟ್ಟು ಬರೆಯಲು ಹೇಳಿ. ಬಾಯಿಯನ್ನು ಮೊಟ್ಟೆಯಾಕಾರದಲ್ಲಿ ಬರೆದ ಮಗು ತಳಕ್ಕೆ ಬಂದಾಗ ಅಡ್ಡಲಾಗಿ ನೇರ ಗೆರೆ ಎಳೆದುಬಿಡುವುದು ಸಾಮಾನ್ಯ. ಕಾರಣ ಸರಳ. ತಳ ಚಪ್ಪಟೆಯಾಗಿದೆ, ಮೇಜಿನ ಮೇಲೆ ಕೂತಿದೆ ಎಂದು ಅದಕ್ಕೆ ಗೊತ್ತು. ಗೊತ್ತಿರುವುದನ್ನು ಬರೆಯಿತೇ ಹೊರತು ಕಂಡದ್ದನ್ನಲ್ಲ. ಮೇಲಿನಿಂದ ನೋಡುವವರಿಗೆ ತಳದ ಅಂಚೂ ಬಾಗಿಯೇ ಕಾಣುತ್ತದೆ; ಬಾಯಿಗಿಂತ ಹೆಚ್ಚಾಗಿಯೇ ಬಾಗಿರುತ್ತದೆ. ಎರಡು ಗುಡ್ಡ, ನಡುವೆ ಸೂರ್ಯ, ಬದಿಗೊಂದು ತೆಂಗಿನಮರ ಎಂಬ ನಮ್ಮೆಲ್ಲರ ಬಾಲ್ಯದ ಚಿತ್ರವೂ ಹೀಗೆ ನೋಡದೆ ಬರೆದದ್ದೇ.

ಪುಟ್ಟ ಮಕ್ಕಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಸುಮಾರು ಒಂಬತ್ತರಿಂದ ಹದಿನಾಲ್ಕು ವರ್ಷದ ನಡುವೆ ಮಗುವಿಗೆ ತನ್ನ ಚಿತ್ರ ನಿಜದಂತೆ ಕಾಣಬೇಕೆಂಬ ಆಸೆ ಹುಟ್ಟುತ್ತದೆ. ಮಕ್ಕಳ ಚಿತ್ರಗಳನ್ನು ಅಭ್ಯಾಸ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹಂತಗಳನ್ನು ವಿವರಿಸಿದ್ದಾರೆ. ಆಸೆ ಬೆಳೆಯುತ್ತದೆ, ಕೈ ಅಲ್ಲಿಯೇ ನಿಂತಿರುತ್ತದೆ. ಆಗ ಕಲಿಸುವವರು ಸಿಗದಿದ್ದರೆ ಮಗು ‘ನನಗೆ ಚಿತ್ರ ಬರೋಲ್ಲ’ ಎಂದು ಪೆನ್ಸಿಲ್ ಕೆಳಗಿಡುತ್ತದೆ. ಎಷ್ಟೋ ಮಂದಿ ಅದನ್ನು ಮತ್ತೆ ಕೈಗೆತ್ತಿಕೊಳ್ಳುವುದೇ ಇಲ್ಲ. ಪ್ರೌಢಶಾಲೆಯ ಚಿತ್ರಕಲಾ ಅವಧಿ ಬರುವುದು ಸರಿಯಾಗಿ ಈ ವಯಸ್ಸಿನಲ್ಲಿ. ಅದನ್ನು ಕಸಿದುಕೊಂಡರೆ ಆಗುವ ನಷ್ಟ ಇದು.

ಇಲ್ಲಿ ಜಾಣ ಶಿಕ್ಷಕರು ಮಾಡುವ ಉಪಾಯಗಳು ಹಲವು. ಅಮೆರಿಕದಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಬೆಟ್ಟಿ ಎಡ್ವರ್ಡ್ಸ್ 1979ರ ತಮ್ಮ ಪುಸ್ತಕದಲ್ಲಿ ಎರಡನ್ನು ಜನಪ್ರಿಯಗೊಳಿಸಿದರು. ಒಂದು, ಚಿತ್ರವೊಂದನ್ನು ತಲೆಕೆಳಗಾಗಿಟ್ಟು ನಕಲು ಮಾಡಿಸುವುದು. ಆಗ ‘ಇದು ಮೂಗು, ಇದು ಕಣ್ಣು’ ಎಂಬ ಹೆಸರುಗಳು ಮರೆತು ಗೆರೆಗಳು ಮಾತ್ರ ಕಾಣುತ್ತವೆ. ಇನ್ನೊಂದು, ಕುರ್ಚಿಯನ್ನು ಬರೆಯುವ ಬದಲು ಅದರ ಕಾಲುಗಳ ನಡುವಿನ ಖಾಲಿ ಜಾಗವನ್ನು ಬರೆಸುವುದು. ಎಡಮೆದುಳು, ಬಲಮೆದುಳು ಎಂದು ಆ ಪುಸ್ತಕ ಕೊಟ್ಟ ವಿವರಣೆಯನ್ನು ಇಂದಿನ ನರವಿಜ್ಞಾನ ಹಾಗೆಯೇ ಒಪ್ಪುವುದಿಲ್ಲ. ಆದರೆ ಅಭ್ಯಾಸಗಳು ಮಾತ್ರ ಉಪಯುಕ್ತ. ಮನೆಯಲ್ಲೇ ಮಾಡಿ ನೋಡಬಹುದು.

ಚೊಂಬು ಕಲಿಸಿದ ಪಾಠ

ಚಿತ್ರಕಲೆಯ ಜೊತೆಗೇ ಬರುವ ಇನ್ನೊಂದು ವಿಷಯ ವಿನ್ಯಾಸ. ಹಾಳೆಯ ಅಂಚಿಗೆ ಹೂಬಳ್ಳಿ ಬರೆಯುವುದೇ ವಿನ್ಯಾಸವೆಂದು ಹಲವರ ಎಣಿಕೆ. ಅದು ವಿನ್ಯಾಸದ ಒಂದು ಮೂಲೆ ಅಷ್ಟೆ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಇಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅವರು ಬಹುಶಃ ಅತ್ಯಂತ ಶ್ರೇಷ್ಠವೆಂದು ಎತ್ತಿಹಿಡಿದದ್ದು ಉತ್ತರದವರು ಲೋಟಾ ಎನ್ನುವ, ನಮ್ಮ ಮನೆಗಳ ಚೊಂಬನ್ನು! ಅದನ್ನು ತಲೆಯ ಮೇಲೆ ಹೊರುತ್ತಾರೋ, ಸೊಂಟದಲ್ಲೋ, ಕೈಯಲ್ಲೋ? ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ? ಬಗ್ಗಿಸಿದಾಗ ನೀರು ಹೇಗೆ ಬೀಳುತ್ತದೆ? ತೊಳೆಯಲು ಕೈ ಒಳಹೋಗುತ್ತದೆಯೇ? ಬೆಲೆಯೆಷ್ಟು? ಇಂಥ ಪ್ರಶ್ನೆಗಳನ್ನು ಆ ವರದಿ ಸಾಲಾಗಿ ಇಟ್ಟಿತು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಈ ಪಾಠ ಯಾವ ಹಳ್ಳಿಶಾಲೆಯಲ್ಲೂ ಸಾಧ್ಯ. ಕುಡಿಯುವ ನೀರಿನ ಮಡಕೆಗೆ ಕೈ ಅದ್ದದೆ ನೀರು ತೆಗೆಯುವ ಸೌಟೊಂದನ್ನು ಯೋಚಿಸಿ ಎಂದು ಶಿಕ್ಷಕರು ಹೇಳಲಿ. ಹಿಡಿಕೆ ಎಷ್ಟು ಉದ್ದ? ಎಂಟನೆಯ ತರಗತಿಯ ಕುಳ್ಳ ಹುಡುಗನಿಗೂ ಎಟುಕುತ್ತದೆಯೇ? ಬಳಸಿದ ಮೇಲೆ ತೂಗುಹಾಕುವುದು ಎಲ್ಲಿ? ಮಕ್ಕಳು ನಾಲ್ಕಾರು ಚಿತ್ರ ಬರೆಯುತ್ತಾರೆ, ರಟ್ಟಿನಲ್ಲಿ ಮಾದರಿ ಕತ್ತರಿಸುತ್ತಾರೆ, ಮುರಿದರೆ ತಿದ್ದುತ್ತಾರೆ. ಅಳತೆ, ತೂಕ, ಸನ್ನೆಕೋಲು ಎಲ್ಲವೂ ತಾವಾಗಿ ಒಳಬರುತ್ತವೆ. ಅಂಕ ಕೊಡುವಾಗ ಕೊನೆಯ ಅಂದದ ಹಾಳೆಗಿಂತ, ಮೊದಲ ಹಾಳೆಯಿಂದ ಕೊನೆಯದಕ್ಕೆ ಆದ ಬದಲಾವಣೆಯನ್ನು ನೋಡಬೇಕು. ಕೈಚಳಕ ಕಡಿಮೆಯಿದ್ದರೂ ಯೋಚಿಸಿದ ಮಗುವಿಗೆ ಆಗ ನ್ಯಾಯ ಸಿಗುತ್ತದೆ.

ವೈದ್ಯರ ಮಗ

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಸ್ಪೇನ್ ದೇಶದಲ್ಲಿ 1852ರಲ್ಲಿ ಹುಟ್ಟಿದ ಸಾಂಟಿಯಾಗೊ ರಾಮೋನ್ ಇ ಕಹಾಲ್ ಎಂಬ ಹುಡುಗನಿಗೆ ಚಿತ್ರದ ಹುಚ್ಚು. ವೈದ್ಯನಾಗಿದ್ದ ತಂದೆಗೆ ಅದು ಸುತರಾಂ ಇಷ್ಟವಿಲ್ಲ. ಮಗನ ಚಿತ್ರವನ್ನು ಆತ ಚರ್ಚಿನ ಗೋಡೆಗೆ ಬಣ್ಣ ಬಳಿಯಲು ಬಂದವನಿಗೆ ತೋರಿಸಿದ. ಅವನು ಇದರಲ್ಲಿ ಏನೂ ಹುರುಳಿಲ್ಲವೆಂದುಬಿಟ್ಟ. ಹುಡುಗನನ್ನು ಕ್ಷೌರಿಕನ ಬಳಿ, ಚಮ್ಮಾರನ ಬಳಿ ಕೆಲಸಕ್ಕಿಟ್ಟದ್ದೂ ಆಯಿತು. ಕೊನೆಗೆ ತಂದೆಯೇ ಮಗನಿಗೆ ಮೂಳೆಗಳನ್ನು ತೋರಿಸಿ ಅಂಗರಚನೆ ಕಲಿಸತೊಡಗಿದ. ಹುಡುಗ ಅವನ್ನು ಬರೆದು ಬರೆದೇ ಕಲಿತ. ಮುಂದೆ ಸೂಕ್ಷ್ಮದರ್ಶಕದಡಿ ಮೆದುಳಿನ ತೆಳು ಪದರಗಳನ್ನು ನೋಡಿ ಚಿತ್ರಿಸುತ್ತಾ, ನರಮಂಡಲವು ಒಂದೇ ಬಲೆಯಲ್ಲ, ಬಿಡಿಬಿಡಿ ಕೋಶಗಳಿಂದ ಆದದ್ದು ಎಂದು ಸಾರಿದ. 1906ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ. ತಂದೆ ತಡೆಯಲು ಹೊರಟಿದ್ದ ಹವ್ಯಾಸವೇ ಆತನ ವಿಜ್ಞಾನದ ಉಪಕರಣವಾಯಿತು. ಅವನ ಚಿತ್ರಗಳನ್ನು ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣಬಹುದು.

ಎಲ್ಲ ಮಕ್ಕಳೂ ಕಹಾಲ್ ಆಗಬೇಕಿಲ್ಲ. ಚಿತ್ರವನ್ನೇ ಕಸುಬಾಗಿ ಹಿಡಿಯುವವರಿಗೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಸಂಸ್ಥೆಗಳಿವೆ. ವಿನ್ಯಾಸದ ಪದವಿಗೆ ಮುಂಬೈ ಐಐಟಿ ನಡೆಸುವ ಯುಸೀಡ್ ಪರೀಕ್ಷೆಯನ್ನು ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಬರೆಯಬಹುದು. ಅದರಲ್ಲಿ ಕೈಯಿಂದ ಚಿತ್ರ ಬರೆಯುವ ಭಾಗವಿದೆ. 2010ರಲ್ಲಿ ದೇಶ ಒಪ್ಪಿಕೊಂಡ ರೂಪಾಯಿ ಚಿಹ್ನೆಯನ್ನು ರೂಪಿಸಿದ ಡಿ. ಉದಯಕುಮಾರ್ ಮುಂಬೈ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಓದಿದವರು. ಆದರೆ ಈ ದಾರಿ ಹಿಡಿಯದವರಿಗೂ, ಸಸ್ಯದ ಎಲೆ ಗುರುತಿಸುವ ರೈತನಿಗೂ ಎಕ್ಸ್‌ರೇ ಓದುವ ವೈದ್ಯರಿಗೂ, ನೋಡಲು ಬರಬೇಕು.

ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಕಲೆ–ವಿಜ್ಞಾನಗಳ ನಡುವೆ ಗೋಡೆ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಕಾಗದದ ಮೇಲಿನ ಮಾತು ತರಗತಿಗೆ ಇಳಿಯಲು ಪಾಲಕರ ಒತ್ತಾಸೆ ಬೇಕು.

ಅದಕ್ಕೆ ಖರ್ಚೇನೂ ಇಲ್ಲ. ಪೋಷಕರ ಸಭೆಯಲ್ಲಿ ಗಣಿತದ ಅಂಕ ಕೇಳಿದ ಮೇಲೆ, ಚಿತ್ರಕಲೆಯ ಅವಧಿ ನಡೆಯುತ್ತಿದೆಯೇ ಎಂದೂ ಕೇಳಬಹುದು. ಮಗುವಿನ ವಿಜ್ಞಾನ ರೆಕಾರ್ಡಿನ ಹೃದಯದ ಚಿತ್ರವನ್ನು ಅಮ್ಮನೋ ಅಣ್ಣನೋ ಬರೆದುಕೊಡುವುದನ್ನು ನಿಲ್ಲಿಸಬಹುದು. ಪ್ರಾಜೆಕ್ಟಿಗೆಂದು ಅಂಗಡಿಯ ಸಿದ್ಧಚಿತ್ರ ತಂದು ಅಂಟಿಸುವ ಬದಲು, ಹಿತ್ತಲ ದಾಸವಾಳವನ್ನು ಕಿತ್ತು ಎದುರಿಗಿಡಬಹುದು. ಮಗು ಬರೆದದ್ದು ಸೊಟ್ಟಗಿದ್ದರೆ ನಗಬಾರದು, ತಿದ್ದಲೂಬಾರದು. ‘ಇನ್ನೊಮ್ಮೆ ಹೂವನ್ನೇ ನೋಡು, ಎಸಳು ಎಷ್ಟಿವೆ?’ ಎಂದರೆ ಸಾಕು. ಎರಡನೆಯ ಚಿತ್ರ ಮೊದಲನೆಯದಕ್ಕಿಂತ ದಾಸವಾಳಕ್ಕೆ ಹತ್ತಿರವಾಗಿರುತ್ತದೆ.